ನೋವಾದ್ರೆ ಎಡಗೈ ಎತ್ತಿ

ಮೊದಲು ನನ್ನದೊಂದು ತಪ್ಪು ಒಪ್ಕೊಂಡ್ಬಿಡ್ತೀನಿ. ಆಮೇಲೆ ಉಳಿದ ಮಾತು.

ಮೂರು ವರ್ಷದ ಹಿಂದೆ, ಏಪ್ರಿಲ್ 14. ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಎಲ್ಲರೂ ಸಾಲಾಗಿ ನಿಂತಿದ್ವಿ. ಅವ್ವ ಹೊಸ ನೀಲಿ ಸೀರೆ ಉಟ್ಕೊಂಡು ನನ್ನ ಪಕ್ಕ. ಹುಡುಗ ಮೊಬೈಲ್ ಎತ್ತಿದ, ಅವ್ವ ಬಾಯ್ತುಂಬ ನಕ್ಕಳು. ಮುಂದಿನ ನಾಲ್ಕು ಹಲ್ಲಲ್ಲಿ ಎರಡಿಲ್ಲ. ಉಳಿದ ಎರಡು ಕಂದು. ಒಸಡು ಹೊಗೆಸೊಪ್ಪಿಗೆ ಕಪ್ಪಾಗಿತ್ತು. ನಾನು ಕಿವಿ ಹತ್ರ ಬಗ್ಗಿ ಹೇಳಿದೆ: "ಅವ್ವಾ, ಬಾಯಿ ಮುಚ್ಕೊಂಡು ನಗು. ಫೇಸ್‌ಬುಕ್‌ಗೆ ಹಾಕ್ಬೇಕು."

ಅವ್ವ ಏನೂ ಅನ್ನಲಿಲ್ಲ. ಸೆರಗು ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಆ ಫೋಟೋ ಈಗಲೂ ನನ್ನ ಟೈಮ್‌ಲೈನಲ್ಲಿದೆ. ನಿಮ್ಮಲ್ಲೇ ಎಷ್ಟೋ ಜನ ಲೈಕ್ ಒತ್ತಿದ್ದೀರಿ. ಅದೇ ಸಂಜೆ ನಾನು ಸ್ವಾಭಿಮಾನದ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಮಾಡಿದೆ.

ಇವತ್ತು ಹಲ್ಲಿನ ಬಗ್ಗೆ ಬರೀತಿದೀನಿ. ಚಳವಳಿಯವನಿಗೆ ಹಲ್ಲಿನ ವಿಷಯ ಯಾಕಪ್ಪ ಅನ್ನಬೇಡಿ. ಪೂರ್ತಿ ಓದಿ.

ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅವ್ವನಿಗೆ ದವಡೆ ಹಲ್ಲು ನೋವು ಬಂತು. ರಾತ್ರಿಯೆಲ್ಲ ಗೋಡೆಗೆ ತಲೆ ಒತ್ತಿಕೊಂಡು ಕೂತಿರೋಳು. ಸಂತೆಯಲ್ಲಿ ಹಲ್ಲಿನ ಹುಳ ತೆಗೆಯೋನ ಹತ್ರ ಹೋದ್ವಿ. ಯಾವುದೋ ಬೀಜ ಸುಟ್ಟು ಹೊಗೆ ಹಿಡಿದು, ಅಂಗೈಯಲ್ಲಿ ಬಿಳೀ ಹುಳ ತೋರಿಸಿ ದುಡ್ಡು ಇಸ್ಕೊಂಡ. ನೋವು ಹಾಗೇ ಇತ್ತು. (ಹುಳ ಅಂತ ಇರೋದೇ ಇಲ್ಲ ಅಂತ ಗೊತ್ತಾಗೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು.) ಆಮೇಲೆ ಪೇಟೆಯ ಒಬ್ಬ ಡಾಕ್ಟರ ಶಾಪಿಗೆ ಹೋದ್ವಿ. ಅವರು ಕುರ್ಚಿಯಿಂದ ಏಳಲೇ ಇಲ್ಲ. "ಬಾಯಿ ತೆಗಿ" ಅಂದರು. ಮೇಜಿನ ಆಚೆಯಿಂದ ಟಾರ್ಚ್ ಬಿಟ್ಟರು. "ಸರಿ, ಮುಚ್ಚು" ಅಂದರು. ಮಾತ್ರೆಯನ್ನ ಪೇಪರಲ್ಲಿ ಸುತ್ತಿ ಮೇಜಿನ ತುದಿಗೆ ತಳ್ಳಿದರು. ನಮ್ಮ ಮುಂದೆ ಹೋದ ಹೆಂಗಸಿನ ಕೆನ್ನೆ ಹಿಡಿದು ನೋಡಿದ್ದನ್ನ ನಾನು ಬಾಗಿಲ ಸಂದಿಯಲ್ಲಿ ನೋಡಿದ್ದೆ.

ಅವ್ವ ಮತ್ತೆ ಡಾಕ್ಟರ ಹತ್ರ ಹೋಗಲಿಲ್ಲ. ಪಕ್ಕದ ಮನೆ ಅಜ್ಜಿ ಹೇಳಿಕೊಟ್ಟಂಗೆ ಹೊಗೆಸೊಪ್ಪಿನ ಚೂರು ಸುಣ್ಣದ ಜೊತೆ ತಿಕ್ಕಿ ನೋಯೋ ಹಲ್ಲಿನ ಹತ್ರ ಇಟ್ಕೊಂಡಳು. ಜೋಮು ಹಿಡೀತು, ನೋವು ಮರೀತು. ಅವಳ ಹೊಗೆಸೊಪ್ಪು ಶುರುವಾಗಿದ್ದು ಹಾಗೆ. ಚಟ ಅಂತ ಅಲ್ಲ, ಔಷಧಿ ಅಂತ. "ಈ ಜನಕ್ಕೆ ತಂಬಾಕಿನ ಚಟ" ಅನ್ನೋರು ಇದನ್ನ ಒಂದ್ಸಲ ಯೋಚಿಸಲಿ. ಹಲ್ಲಿನ ಡಾಕ್ಟರು ಸಿಗದ ಕಡೆ ಹೊಗೆಸೊಪ್ಪೇ ಡಾಕ್ಟರು.

ಈಗ ಯೋಚಿಸಿದರೆ ಗೊತ್ತಾಗುತ್ತೆ, ನಮ್ಮ ಮೈಯಲ್ಲಿ ಜಾತಿ ಮೊದಲು ಹಿಡಿದಿದ್ದು ಬಾಯನ್ನ. ಹೋಟೆಲಲ್ಲಿ ಬೇರೆ ಲೋಟ ಇಟ್ಟಿದ್ದು ಈ ಬಾಯಿಗೆ. ಬೊಗಸೆಗೆ ಮೇಲಿಂದ ನೀರು ಸುರಿದಿದ್ದು, ಚೆಂಬು ಈ ಬಾಯಿಗೆ ತಾಗಬಾರದು ಅಂತ. ಪೇಶ್ವೆಗಳ ಕಾಲದ ಪುಣೆಯಲ್ಲಿ ನಮ್ಮೋರು ಕೊರಳಿಗೆ ಮಡಕೆ ಕಟ್ಕೊಂಡು ಅದರಲ್ಲೇ ಉಗೀಬೇಕಿತ್ತು ಅನ್ನೋದನ್ನ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಅವರು ನೀರು ಮೊಗೆದು ಕುಡಿದಾಗ ಗೆದ್ದಿದ್ದೂ ಒಂದು ಬಾಯಿಯ ಹಕ್ಕನ್ನೇ. ಕನ್ನಡದಲ್ಲಿ ಇದಕ್ಕೆಲ್ಲ ಒಂದೇ ಪದ ಇದೆ: ಎಂಜಲು. ಹಲ್ಲಿನ ಡಾಕ್ಟರ ಕೆಲಸ ಅಂದರೆ ದಿನಾ ಇನ್ನೊಬ್ಬರ ಎಂಜಲಲ್ಲಿ ಕೈ ಇಡೋ ಕೆಲಸ. ಮನಸ್ಸಲ್ಲಿ ಹೇಸಿಗೆ ಇಟ್ಕೊಂಡೋರು ಆ ಕೆಲಸ ಮಾಡೋಕಾಗಲ್ಲ. ಮಾಡಿದರೂ ರೋಗಿಗೆ ಗೊತ್ತಾಗಿಬಿಡುತ್ತೆ. ತಲೆಮಾರುಗಳಿಂದ ಹೇಸಿಗೆ ನೋಡ್ಕೊಂಡು ಬಂದಿರೋ ನಮಗಂತೂ ಬೇಗ ಗೊತ್ತಾಗುತ್ತೆ.

ಫೋಟೋ ತೆಗೆದ ಮೇಲೆ ನನ್ನ ಮನಸ್ಸಿಗೆ ತಡೀಲಿಲ್ಲ. ಅವ್ವನ್ನ ಒಂದು ಖಾಸಗಿ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಗ್ಲೌಸ್ ಹಾಕಿದ್ದರು, ಮಾಸ್ಕ್ ಹಾಕಿದ್ದರು, ಎಲ್ಲ ಸರಿಯಾಗೇ ಇತ್ತು. ಬಾಯಿ ತೆಗೆದ ಕೂಡಲೇ, "ಏನಮ್ಮಾ, ಇದು ಬಾಯೋ ಚರಂಡಿಯೋ? ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಅಂದರು. ಅವ್ವ ಬಾಯಿ ಮುಚ್ಚಿ ಚೇರಿಂದ ಇಳಿದಳು. ನಾನು, ತಹಸೀಲ್ದಾರರ ಮುಂದೆ ಧರಣಿ ಕೂರೋನು, ಅಲ್ಲಿ ಒಂದು ಮಾತು ಆಡಲಿಲ್ಲ. ಯಾಕಂದ್ರೆ ಅದೇ ಮಾತನ್ನ ನಾನೂ ಆಡಿದ್ದೆ. ಅವರು ಜೋರಾಗಿ ಅಂದರು, ನಾನು ಕಿವಿಯಲ್ಲಿ ಅಂದಿದ್ದೆ, ಅಷ್ಟೇ.

ಆಮೇಲೆ ಒಂದು ವರ್ಷ ಅವ್ವ ಹಲ್ಲಿನ ಮಾತೇ ಎತ್ತಲಿಲ್ಲ. ಒಂದು ಬೆಳಿಗ್ಗೆ ನೋಡ್ತೀನಿ, ಮುಖ ಬಲೂನಿನಂಗೆ ಊದಿದೆ, ಜ್ವರ. ಜಿಲ್ಲಾ ಕೇಂದ್ರದ ಒಂದು ದಂತ ಕಾಲೇಜಿಗೆ ಹೊರಟ್ವಿ. ಬಸ್ಸಲ್ಲಿ ಅವ್ವ ಒಂದೇ ಮಾತು ಕೇಳಿದಳು: "ಅವ್ರು ನಮ್ ಬಾಯಿಗೆ ಕೈ ಇಕ್ತಾರೇನ್ಲಾ?"

ಅಲ್ಲಿದ್ದದ್ದು ಇನ್ನೂ ಓದ್ತಿದ್ದ ಒಬ್ಬಳು ಹುಡುಗಿ. ನನ್ನ ತಂಗಿ ಮಗಳ ವಯಸ್ಸು. ಅವಳ ಜಾತಿ ಯಾವುದೋ ಗೊತ್ತಿಲ್ಲ, ಕೇಳಲೂ ಇಲ್ಲ. ಬಾಯಿ ನೋಡೋ ಮೊದಲು ಸ್ಟೂಲ್ ಎಳ್ಕೊಂಡು ಅವ್ವನ ಎದುರಿಗೆ ಕೂತಳು. "ಅಮ್ಮಾ, ಎಷ್ಟು ದಿನದಿಂದ ನೋವು? ರಾತ್ರಿ ನಿದ್ದೆ ಬರುತ್ತಾ? ಏನ್ ಊಟ ಮಾಡ್ತಿದೀರಿ?" ಅಂತ ಕೇಳಿದಳು. ಶುಗರ್, ಬಿಪಿ ಚೆಕ್ ಮಾಡಿಸಿದಳು. ಶುಗರ್ ಇತ್ತು. ನಮಗೇ ಗೊತ್ತಿರಲಿಲ್ಲ. ಶುಗರ್ ಇದ್ದೋರಿಗೆ ಒಸಡು ಬೇಗ ಕೆಡುತ್ತೆ, ಒಸಡಲ್ಲಿ ಸೋಂಕಿದ್ದರೆ ಶುಗರ್ ಹತೋಟಿಗೆ ಬರೋದು ಕಷ್ಟ, ಎರಡೂ ಒಂದಕ್ಕೊಂದು ಕೈಹಿಡ್ಕೊಂಡಿರ್ತವೆ ಅಂತ ವಿವರಿಸಿದಳು. ಆಮೇಲೆ ಅವ್ವನ ಗದ್ದ ಹಿಡಿದು, ಮೆಲ್ಲಗೆ ತಿರುಗಿಸಿ ನೋಡಿದಳು. ಬೈಯಲಿಲ್ಲ. "ತುಂಬಾ ನೋವು ತಡ್ಕೊಂಡಿದೀರಿ ಅಮ್ಮಾ" ಅಂದಳು. ಅಷ್ಟಕ್ಕೇ ಅವ್ವನ ಕಣ್ಣಲ್ಲಿ ನೀರು.

ಹಲ್ಲು ಕೀಳೋ ದಿನ ಸೂಜಿ ಕೊಡೋ ಮೊದಲು ಹೇಳಿದಳು: "ಅಮ್ಮಾ, ನಾನು ಏನ್ ಮಾಡ್ತೀನೋ ಹೇಳ್ಕೊಂಡೇ ಮಾಡ್ತೀನಿ. ನೋವಾದ್ರೆ ಎಡಗೈ ಎತ್ತಿ. ತಕ್ಷಣ ನಿಲ್ಲಿಸ್ತೀನಿ."

ನಾವು ಎಡಗೈನೋರು. ಆ ಮಾತು ಕೇಳಿ ಒಳಗೊಳಗೇ ನಗು ಬಂತು. ಆದರೆ ಮುಂದಿನದು ನೋಡಿ. ಅರ್ಧಕ್ಕೆ ಅವ್ವ ಎಡಗೈ ಎತ್ತಿದಳು. ಹುಡುಗಿ ನಿಲ್ಲಿಸಿದಳು. ಇನ್ನೊಂಚೂರು ಅರಿವಳಿಕೆ ಕೊಟ್ಟು ಕಾದಳು. ಅವ್ವ ತಲೆ ಆಡಿಸಿದ ಮೇಲೇ ಮತ್ತೆ ಶುರು ಮಾಡಿದಳು. ವಾಪಸ್ ಬರೋ ಬಸ್ಸಲ್ಲಿ ಬಾಯಲ್ಲಿ ಹತ್ತಿ ಕಚ್ಕೊಂಡಿದ್ದರೂ ಅವ್ವ ಕೈ ಸನ್ನೆ ಮಾಡಿ ಮಾಡಿ ಅದನ್ನೇ ತೋರಿಸಿದಳು. ಮಾರನೇ ದಿನ ಕೇರಿಗೆಲ್ಲ ಹೇಳಿದಳು: "ನಾನ್ ಕೈ ಎತ್ತುದ್ಕೆ ನಿಲ್ಸುದ್ಳು ಕಣ್ರೇ!"

ಅರವತ್ತಾರು ವರ್ಷ ಕೂಲಿ ಮಾಡಿದ ಹೆಂಗಸು. ಅವಳು ಕೈ ಎತ್ತಿದ್ದಕ್ಕೆ ಎದುರಿಗಿದ್ದೋರು ಕೆಲಸ ನಿಲ್ಲಿಸಿದ್ದು ಜೀವನದಲ್ಲಿ ಅದೇ ಮೊದಲು.

ಆದರೆ ಆ ಹುಡುಗಿ ನನಗೊಂದು ಮಾತು ಹೇಳಿದಳು, ಅದು ಇನ್ನೂ ಚುಚ್ತಾ ಇದೆ. "ಸರ್, ಇವರ ಎಷ್ಟೋ ಹಲ್ಲು ಉಳೀತಿತ್ತು. ಶುರುವಿನಲ್ಲಿ ಬಂದಿದ್ರೆ ಚಿಕ್ಕ ಫಿಲ್ಲಿಂಗ್, ಒಂದು ಕ್ಲೀನಿಂಗ್, ಅಷ್ಟೇ." ಆವತ್ತೇ ಬಿಡಿಸಿ ಹೇಳಿದಳು. ನಾವು ತಿಂದ ಸಕ್ಕರೆಯನ್ನ ಬಾಯೊಳಗಿನ ಸೂಕ್ಷ್ಮಜೀವಿಗಳು ಆಮ್ಲ ಮಾಡ್ತವೆ. ಆ ಆಮ್ಲ ಹಲ್ಲಿನ ಮೇಲಿನ ಗಟ್ಟಿ ಪದರವನ್ನ ದಿನಾ ಚೂರುಚೂರೇ ಕರಗಿಸುತ್ತೆ. ತೂತು ಆ ಪದರದಲ್ಲಿರೋ ತನಕ ನೋವೇ ಇರಲ್ಲ. ಒಳಗಿನ ನರ ಮುಟ್ಟಿದ ಮೇಲೇ ಪ್ರಾಣ ಹೋಗೋ ನೋವು. ಅಂದರೆ ನೋವು ಬಂದಾಗ ಹೋಗೋದು ಅಂದರೆ ತಡವಾಗಿ ಹೋಗೋದು ಅಂತಲೇ ಅರ್ಥ.

ಇಲ್ಲಿಗೆ ನನ್ನ ಮಾತು ಬರುತ್ತೆ. ನೋವಿಲ್ಲದೇ ಇರುವಾಗ ಡಾಕ್ಟರ ಹತ್ರ ಯಾರು ಹೋಗ್ತಾರೆ? ಅಲ್ಲಿ ಅವಮಾನ ಆಗಲ್ಲ ಅನ್ನೋ ಧೈರ್ಯ ಇದ್ದೋರು ಹೋಗ್ತಾರೆ. ಬೈಯೋ ಡಾಕ್ಟರ ಹತ್ರ ಜನ ಸಾಯೋ ನೋವು ಬಂದ ಮೇಲೇ ಹೋಗೋದು. ಕರುಣೆ ಅಂದರೆ ಚಿಕಿತ್ಸೆಯ ಮೇಲೆ ಹಾಕೋ ಒಗ್ಗರಣೆ ಅಂತ ನಾನು ಅಂದ್ಕೊಂಡಿದ್ದೆ. ಅಲ್ಲ. ಹಲ್ಲು ಕೆಡದಂಗೆ ತಡೀಬೇಕು ಅಂದರೆ ಜನ ಬೇಗ ಬರಬೇಕು. ಬೇಗ ಬರಬೇಕು ಅಂದರೆ ನಾಚಿಕೆ ಆಗಬಾರದು. ಕರುಣೆ ಇಲ್ಲದ ಕಡೆ ಮುಂಜಾಗ್ರತೆ ಅನ್ನೋದು ಗೋಡೆ ಮೇಲಿನ ಪೋಸ್ಟರ್ ಅಷ್ಟೇ.

ಇದು ಪೌರಕಾರ್ಮಿಕರಿಗೆ ಮಾಡಿದ ಕ್ಯಾಂಪಲ್ಲಿ ನನಗೆ ಕಣ್ಣಾರೆ ಕಂಡಿತು. ನಮ್ಮ ಸಂಘದಿಂದ ಮಾಡಿದ್ವಿ, ರಿಜಿಸ್ಟರ್ ಬರೆಯೋ ಕೆಲಸ ನಂದು (ಗುಮಾಸ್ತನಿಗೆ ಎಲ್ಲಿ ಹೋದರೂ ಅದೇ ಕೆಲಸ!). ಮೊದಲನೇ ಸಲ ಬಂದ ಡಾಕ್ಟರು ಸಾಲಿನ ಮೊದಲನೆಯವನಿಗೇ, "ಗುಟ್ಕಾ ತಿಂದು ಸಾಯ್ತೀರಾ, ಆಮೇಲೆ ಗೌರ್ಮೆಂಟ್ ಮೇಲೆ ಹಾಕ್ತೀರಾ" ಅಂದುಬಿಟ್ಟರು. ರಿಜಿಸ್ಟರಲ್ಲಿ ಹೆಸರು ಬರೆಸಿದ್ದವರಲ್ಲಿ ಅರ್ಧಕ್ಕರ್ಧ ಜನ ಟೀ ಕುಡಿದು ಬರ್ತೀವಿ ಅಂತ ಹೋದೋರು ವಾಪಸ್ ಬರಲಿಲ್ಲ. ಎರಡನೇ ಸಲ ಬೇರೆ ಡಾಕ್ಟರು. ಅವರು ಕೇಳಿದ್ದೇ ಬೇರೆ: "ಯಾವ ಹೊತ್ತಲ್ಲಿ ಹಾಕ್ಕೊಳ್ತೀರಿ?" ಒಬ್ಬರು ಹೇಳಿದರು, "ಬೆಳಿಗ್ಗೆ ಕಸದ ಗಾಡಿ ಹತ್ತುವಾಗ ಸಾರ್. ಇಲ್ದಿದ್ರೆ ವಾಂತಿ ಬತ್ತದೆ." ನಾತ ತಡೆಯೋಕೆ ತಂಬಾಕು. ಮಾಸ್ಕು, ಗ್ಲೌಸು ಸರಿಯಾಗಿ ಕೊಡದೆ "ಚಟ ಬಿಡಿ" ಅಂದರೆ ಹೇಗೆ? ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ. ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾಡಿ ಅದೇ ಅಂಗಡಿಯಲ್ಲೇ ಮಾರ್ತಾರೆ. ಬೈಸ್ಕೊಳ್ಳೋದು ಮಾತ್ರ ತಿನ್ನೋನು.

ಆ ಡಾಕ್ಟರು ಆವತ್ತು ಒಬ್ಬೊಬ್ಬರಿಗೂ ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯೊಳಗೆ ಇಟ್ಕೊಳ್ಳೋಕೆ ಹೇಳಿದರು. ಹೋಗದೇ ಇದ್ದೋರನ್ನ ಪಕ್ಕಕ್ಕೆ ಕೂರಿಸಿ ಮಾತಾಡಿದರು. ಅಡಿಕೆ ಜಗಿದೂ ಜಗಿದೂ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ತೆರೆಯೋಕಾಗದಂಗೆ ಆಗೋ ಕಾಯಿಲೆ ಅದು. ಕ್ಯಾನ್ಸರಿಗೆ ತಿರುಗಬಹುದು. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತೆ.

ಇನ್ನೊಂದು ವಿಷಯ, ನಮ್ಮ ಪಾವಗಡ, ಮಧುಗಿರಿ, ಶಿರಾ ಕಡೆಯೋರಿಗೆ. ನಮ್ಮ ಮಕ್ಕಳ ಹಲ್ಲಿನ ಕಂದು ಪಟ್ಟೆ ಕೊಳೆ ಅಲ್ಲ. ಬೋರ್‌ವೆಲ್ ನೀರಲ್ಲಿರೋ ಫ್ಲೋರೈಡ್. ಹಲ್ಲು ಒಸಡಿನ ಒಳಗೆ ಬೆಳೆಯುವಾಗಲೇ ಕೂರೋ ಕಲೆ, ಎಷ್ಟು ಉಜ್ಜಿದರೂ ಹೋಗಲ್ಲ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. "ಹಲ್ಲುಜ್ಜಲ್ವೇನೋ" ಅಂತ ಮಗುವನ್ನ ಕ್ಲಾಸಲ್ಲಿ ನಿಲ್ಲಿಸೋ ಮೇಷ್ಟ್ರುಗಳೇ, ಊರಿನ ಶುದ್ಧ ನೀರಿನ ಘಟಕ ಕೆಟ್ಟು ಎಷ್ಟು ದಿನ ಆಯ್ತು ಅಂತ ಪಂಚಾಯ್ತಿಯನ್ನ ಕೇಳಿ.

ನಮ್ಮ ಕೈಲಿ ಆಗೋದನ್ನೂ ಹೇಳ್ಬಿಡ್ತೀನಿ. ಇದ್ದಿಲು, ಇಟ್ಟಿಗೆ ಪುಡಿ, ತಂಬಾಕು ಪುಡಿ ಬಿಡಿ. ಮೆತ್ತಗಿನ ಬ್ರಷ್, ಫ್ಲೋರೈಡ್ ಪೇಸ್ಟು, ದಿನಕ್ಕೆ ಎರಡು ಸಲ. ರಾತ್ರಿಯದ್ದು ಬಹಳ ಮುಖ್ಯ. ಮಕ್ಕಳಿಗೆ ಬಟಾಣಿ ಗಾತ್ರದ ಪೇಸ್ಟು ಸಾಕು, ನುಂಗದಂಗೆ ನೋಡ್ಕೊಳ್ಳಿ. ಫ್ಲೋರೈಡ್ ನೀರಿನ ಊರಿನೋರು ಚಿಕ್ಕ ಮಕ್ಕಳ ವಿಷಯಕ್ಕೆ ಡಾಕ್ಟರನ್ನ ಕೇಳಿ. ಮಗುವಿಗೆ ಆರು ವರ್ಷದ ಸುಮಾರಿಗೆ ಹಿಂದೆ ಬರೋ ದವಡೆ ಹಲ್ಲು ಹಾಲುಹಲ್ಲು ಅಲ್ಲ, ಜೀವನಪೂರ್ತಿ ಇರೋದು. "ಬಿದ್ದು ಬರುತ್ತೆ ಬಿಡು" ಅಂತ ನನ್ನ ಮಗಳದ್ದು ಒಂದು ಕಳ್ಕೊಂಡಿದೀನಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಕಾಯಬೇಡಿ, ತೋರಿಸಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅನ್ನೋದು ಸುಳ್ಳು.

ಕೇಳಬೇಕಾದ್ದು ಇವು:

1. ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡೋ 'ದಂತ ಭಾಗ್ಯ' ಒಳ್ಳೆಯದೇ. ಆದರೆ ಹಲ್ಲು ಹೋದ ಮೇಲಿನ ಭಾಗ್ಯ ಅದು. ಹೋಗದಂಗೆ ನೋಡ್ಕೊಳ್ಳೋ ಭಾಗ್ಯ ನಮ್ಮ ಹಾಸ್ಟೆಲ್‌ಗಳಿಂದ, ಅಂಗನವಾಡಿಗಳಿಂದ ಶುರುವಾಗಲಿ.

2. ಪೌರಕಾರ್ಮಿಕರ ಆರೋಗ್ಯ ತಪಾಸಣೆಯಲ್ಲಿ ಬಾಯಿಯನ್ನ ಕಡ್ಡಾಯವಾಗಿ ನೋಡಲಿ. ಜೊತೆಗೆ ಸರಿಯಾದ ಮಾಸ್ಕು ಕೊಡಲಿ.

3. ದಂತ ಕಾಲೇಜುಗಳಲ್ಲಿ ಹಲ್ಲು ಕೀಳೋದನ್ನ ಕಲಿಸಿದಷ್ಟೇ ಗಮನ ಕೊಟ್ಟು, ಬಡವರ ಜೊತೆ ಮಾತಾಡೋದನ್ನೂ ಕಲಿಸಲಿ.

ಅವ್ವನಿಗೆ ಸೆಟ್ ಕಟ್ಟಿಸಿದೆ. ಮುದ್ದೆ ನುಂಗೋಕೆ ಅದ್ಯಾಕೆ ಅಂತ ಲೋಟದಲ್ಲಿ ಹಾಕಿ ಇಟ್ಟಿರ್ತಾಳೆ. ಹೊಗೆಸೊಪ್ಪು ಪೂರ್ತಿ ಬಿಟ್ಟಿಲ್ಲ, ಕಮ್ಮಿ ಮಾಡಿದಾಳೆ. ನಾನು ಬೈಯಲ್ಲ. ಆದರೆ ಉಳಿದಿರೋ ಹಲ್ಲು ತೋರಿಸೋಕೆ ಆರು ತಿಂಗಳಿಗೊಂದ್ಸಲ ಅವಳೇ ಬಸ್ಸು ಹತ್ತಿ ಹೋಗ್ತಾಳೆ. ನೋವಿಲ್ಲದಿದ್ದರೂ ಹೋಗ್ತಾಳೆ. ಹೋದ ಸಲ ಕೇರಿಯ ಇಬ್ಬರು ಹೆಂಗಸರನ್ನೂ ಎಳ್ಕೊಂಡು ಹೋಗಿದ್ದಳು. ಅವರು ಹೆದರಿದಾಗ ಅವ್ವ ಹೇಳಿದ್ದು ಇಷ್ಟೇ ಅಂತೆ: "ಏನೂ ಆಗಾಕಿಲ್ಲ ಬರ್ರೇ. ನೋವಾದ್ರೆ ಎಡಗೈ ಎತ್ರಿ."

ಆ ಹಳೇ ಫೋಟೋ ಡಿಲೀಟ್ ಮಾಡಲ್ಲ. ನನಗೆ ಜ್ಞಾಪಕ ಇರಲಿ ಅಂತ.

ಜೈ ಭೀಮ್.