ಊರೂರಿನ ಅರಿವಿ ಅಂಗಡಿ

ನಮ್ಮನಿಯವ್ರಿಗೆ ಪರಊರಿಗೆ ಹೋದಕೂಡ್ಲೆ ಬೇಕಾಗೋದು ಗುಡಿ, ಆಮ್ಯಾಲೆ ಒಂದು ಛೊಲೊ ಖಾನಾವಳಿ. ನನಗ ಅರಿವಿ ಅಂಗಡಿ. ಅದರ ಬಾಜೂಕ ಒಂದು ದಾರ-ಉಲನ್ ಅಂಗಡಿ ಇತ್ತಂದ್ರ ಇನ್ನೂ ಛೊಲೊ. ಕೊಳ್ಳೋದು ಆಮ್ಯಾಲಿನ ಮಾತು. ಗುರ್ತು ಪರಿಚಯ ಇಲ್ಲದ ಊರಾಗ ಹೆಣ್ಮಗಳೊಬ್ಬಾಕಿ ಹೋಗಿ, ಚಪ್ಪಲಿ ಕಳದು, ಗಾದಿ ಮ್ಯಾಲೆ ಕೂತು, ಒಂದು ಗ್ಲಾಸು ನೀರು ಕುಡದು ಅಲ್ಲಿಯವರ ಕೂಡ ಮಾತಾಡ್ಲಿಕ್ಕೆ ಬ್ಯಾರೆ ಜಾಗಾ ಎಲ್ಲೆ ಅದ ಹೇಳ್ರಿ? ಒಂದು ಕುಬಸದ ಅರಿವಿ ತೋರಸ್ರಿ ಅಂದ್ರ ಸಾಕು. ಅರ್ಧ ತಾಸಿನ್ಯಾಗ ಯಾವ ಓಣ್ಯಾಗ ಮಗ್ಗ ಅವ, ಲಗ್ನದ ಸೀಝನ್ ಯಾವಾಗ, ಆ ಊರಿನ ಮದುಮಗಳು ಯಾವ ಬಣ್ಣ ಉಡ್ತಾಳ, ಎಲ್ಲಾ ಗೊತ್ತಾಗ್ತದ. ಮುಂಜಾನೆ ಬೋಣಿಗಿ ಹೊತ್ತಿನ್ಯಾಗ ಮಾತ್ರ ಹೋಗಬ್ಯಾಡ್ರಿ. ಬರೇ ನೋಡಿ ಎದ್ದು ಬಂದ್ರ ಅವರ ಮನಸ್ಸಿಗೆ ಹತ್ತತದ. ಮಧ್ಯಾಹ್ನದ ಹೊತ್ತು ಅಂಗಡಿ ತೆರವು ಇರ್ತದ, ಅವರಿಗೂ ಮಾತು ಬೇಕಾಗಿರ್ತದ.

ಹೊರಡೋ ಮುಂದ ನನ್ನ ಪರ್ಸಿನ್ಯಾಗ ಒಂದು ಸಣ್ಣ ಡಬ್ಬಿ ಇಟ್ಕೋತೀನಿ. ಕುಬಸ ಇಲ್ಲದ ಕೂತ ಸೀರಿಗಳ ಒಳಗಿನ ಅಂಚಿನಿಂದ ಜಗ್ಗಿದ ಒಂದೊಂದು ಎಳಿ, ಅರ್ಧಕ್ಕ ನಿಂತ ಕಸೂತಿಯ ದಾರ, ಮೊಮ್ಮಗನ ಸ್ವೆಟರಿನ ಉಲನ್ ತುಂಡು, ಎಲ್ಲಾ ಅದರಾಗ. ಬಣ್ಣ ಕಣ್ಣಾಗ ಅದ ಅಂತ ನಾವು ತಿಳಕೊಂಡಿರ್ತೀವಿ, ಆದ್ರ ಅಂಗಡ್ಯಾಗ ಹತ್ತು ನಮೂನಿ ಹಸರು ಮುಂದ ಹರವಿದ್ರ ಕಣ್ಣು ಮೋಸ ಮಾಡ್ತದ. ಎಳಿ ತಗೊಂಡು ಬಾಗಲಕ್ಕ ಬಂದು, ಬಿಸಲ ಬೆಳಕಿನ್ಯಾಗ ಹಚ್ಚಿ ನೋಡ್ರಿ. ಟ್ಯೂಬ್‌ಲೈಟಿನ ಬೆಳಕು ನಂಬೋ ಹಂಗಿಲ್ಲ.

ಕಸೂತಿ ದಾರದ ಲಡಿಗೆ ಒಂದು ಕಾಗದದ ಪಟ್ಟಿ ಸುತ್ತಿರ್ತಾರಲ್ಲ, ಅದರ ಮ್ಯಾಲಿನ ನಂಬರ್ ಬರಕೊಂಡು ಇಟ್ಕೋರಿ. ಆ ಕಂಪನಿ ದಾರ ಸಿಗೋ ಯಾವ ಊರಾಗಾದ್ರೂ ಅದೇ ನಂಬರಿಗೆ ಅದೇ ಬಣ್ಣ. ಸಾಮಾನ್ಯ ಒಂದು ಲಡಿ ಅಂದ್ರ 8 ಮೀಟರು, ಅದರಾಗ 6 ಎಳಿ. ಸೆರಗು ತುಂಬ ಗೋಪುರ, ತೇರು, ಆನಿ ಅಂಬಾರಿ ತುಂಬಸೋರಿಗೆ ಒಂದು ಲಡಿ ಎಲ್ಲಿಗೂ ಸಾಲೂದಿಲ್ಲ ಅಂತ ನಿಮಗ ಗೊತ್ತೇ ಅದ. ಉಲನ್‌ಗಂತೂ ನಂಬರ್ ಒಂದೇ ಸಾಲದು, ಲಾಟ್ ನಂಬರನೂ ಒಂದೇ ಇರಬೇಕು. ಒಂದು ಸಲಕ್ಕ ಬಣ್ಣದ ಹಂಡೆದಾಗ ಅದ್ದಿದ್ದು ಒಂದು ಲಾಟು. ಮುಂದಿನ ಸಲದ್ದು ಕೂದಲೆಳಿಯಷ್ಟು ಫರಕು ಬರ್ತದ, ಆ ಫರಕು ಸ್ವೆಟರಿನ ತೋಳಿನ್ಯಾಗ ಎದ್ದು ಕಾಣಸ್ತದ. ಅದಕ್ಕ ಬೇಕಾದ್ದಕ್ಕಿಂತ ಒಂದು ಉಂಡಿ ಹೆಚ್ಚೇ ತಗೋರಿ. ಉಳದ್ರ ಟೊಪ್ಪಿಗಿ ಆಗ್ತದ.

ಹೈದರಾಬಾದಿಗೆ ಹೋದಾಗ ಪೋಚಂಪಲ್ಲಿಗೆ ಹೋಗಿದ್ವಿ. 1951ರಾಗ ವಿನೋಬಾ ಭಾವೆಯವರ ಭೂದಾನ ಶುರುವಾದ ಊರು ಅದು. ಅಲ್ಲಿ ನೇಯೋಕಿಂತ ಮೊದಲೇ ಎಳಿಗಳನ್ನ ಅಳತಿ ಮಾಡಿ, ಅಲ್ಲಲ್ಲೆ ಬಿಗದು ಕಟ್ಟಿ, ಬಣ್ಣಕ್ಕ ಹಾಕ್ತಾರ. ಕಟ್ಟಿದ ಕಡೆ ಬಣ್ಣ ಹಿಡಿಯೂದಿಲ್ಲ. ಮತ್ತ ಬಿಚ್ಚಿ, ಬ್ಯಾರೆ ಕಡೆ ಕಟ್ಟಿ, ಮತ್ತೊಂದು ಬಣ್ಣ. ಹೂವು, ಗಿಣಿ ಎಲ್ಲಾ ಮಗ್ಗಕ್ಕ ಏರೋ ಮೊದಲೇ ಎಳ್ಯಾಗ ಕೂತಿರ್ತಾವ. ಅಂಚು ಒಂದೀಟು ಗರಿ ಕೆದರಿದಂಗ ಕಾಣಸ್ತದಲ್ಲ, ಅದು ಇದಕ್ಕ. ಅಂಗಡಿಯವರು ಸೀರಿ ತಿರುವಿ ಒಳಮೈ ತೋರಿಸಿದ್ರು. ಎರಡೂ ಕಡೆ ಬಣ್ಣ ಒಂದೇ ಸಮ. ಮ್ಯಾಲೆ ಅಚ್ಚು ಹೊಡದು ಅದೇ ಹೆಸರಿಲೆ ಮಾರೋದಾದ್ರ ಒಳಮೈ ಮಾಸಲು ಇರ್ತದಂತ. ನಮ್ಮ ಗವಂತಿ ಹೊಲಿಗಿನೂ ಹಂಗ ಅಲ್ಲೇನ್ರಿ? ಹಿಂದ ಮುಂದ ಒಂದೇ. ನಮ್ಮ ಆಯಿ ಕಸೂತಿ ಸೀರಿ ತಿರುವಿ ನೋಡೇ ಹೊಲದಾಕಿ ಎಂಥಾಕಿ ಅಂತ ಹೇಳತಿದ್ಲು. ಅವತ್ತಿನಿಂದ ಯಾವ ಅಂಗಡ್ಯಾಗಾದ್ರೂ ನಾ ಮೊದಲು ಅರಿವಿ ತಿರುವಿ ನೋಡ್ತೀನಿ.

ಓಂಕಾರೇಶ್ವರದ ಯಾತ್ರಾದಾಗ ಮಹೇಶ್ವರಕ್ಕ ಹೋದ್ವಿ. ನರ್ಮದಾ ದಂಡಿ ಮ್ಯಾಲಿನ ಊರು, 1767ರಿಂದ 1795ರ ತನಕ ಆಳಿದ ಅಹಲ್ಯಾಬಾಯಿ ಹೋಳ್ಕರರ ರಾಜಧಾನಿ. ನೇಕಾರರಿಗೆ ಆಕಿನೇ ಆಸರಾ ಕೊಟ್ಟು ಅಲ್ಲೆ ನೆಲಿ ಮಾಡಿಸಿದ್ದು. ಘಾಟಿನ ಪಾವಟಿಗಿ ಮ್ಯಾಲೆ ಕೂತು ಕೋಟೆ ಗ್ವಾಡಿ ಕೆತ್ತಿಗಿ ನೋಡಿ, ಆಮ್ಯಾಲೆ ಅಂಗಡಿಗೆ ಹೋದ್ರ ಅದೇ ಕೆತ್ತಿಗಿ ಸೀರಿ ದಡಿ ಮ್ಯಾಲೆ. ಚಾಪಿ ಹೆಣಿಕಿ, ಇಟ್ಟಂಗಿ, ನದಿ ತೆರಿ ಅಂತ ಅವಕ್ಕ ಹೆಸರು. ನನ್ನ ಮನಸ್ಸಿನ್ಯಾಗ ಉಳದದ್ದು ಮಾತ್ರ ಬ್ಯಾರೆ. ಅಲ್ಲಿಗೆ ಬಂದ ಯಾತ್ರಿಕರು ನದಿಗೆ ಕೈ ಮುಗದು, ಮಗ್ಗದ ಸಪ್ಪಳ ಬರೋ ಓಣಿ ಹುಡಿಕ್ಕೊಂಡು ಹೊಂಟಿದ್ರು. ಸೀರಿ ಆಗಲಿ, ದುಪಟ್ಟಾ ಆಗಲಿ, ಏನಾದ್ರೂ ಒಂದು ಅಲ್ಲೇ ನೇಯ್ದದ್ದು ಕೈಯಾಗ ಹಿಡಕೊಂಡೇ ಬಸ್ ಹತ್ತೋದು. ಹಂಗ ಊರಿನ ಮಗ್ಗ ನಡದಾವ.

ಈಗ ಪುಣೇದ ಮಾತು. ಮಗಳ ಮನಿಗೆ ಹೋದಾಗ ಲಕ್ಷ್ಮೀ ರಸ್ತೆ ಒಂದು ಚಕ್ಕರ್ ಆಗಲೇಬೇಕು. ಹೋದ ಸಲ ಒಂದು ಅಂಗಡ್ಯಾಗ ನೋಡಿದ್ರ ಖಣ! ಬರೇ ಕುಬಸಕ್ಕ ಅಲ್ಲ. ಖಣದ ಸೀರಿ, ಖಣದ ಪರ್ಸು, ಸಣ್ಣ ಹುಡುಗ್ಯಾರ ಫ್ರಾಕು, ಬಾಗಲ ತೋರಣ, ಮೊಬೈಲ್ ಚೀಲ. ತೋರಿಸಿದ ಹುಡುಗಿ, "ಕಾಕೂ, ಇದು ನಮ್ಮ ಹಳೇ ಕಾಲದ ಅರಿವಿ" ಅಂತ ಮರಾಠಿಯೊಳಗ ಭಾಳ ಅಭಿಮಾನದಲೆ ಹೇಳಿದಳು. ಅದೂ ಖರೇನೇ, ಅಲ್ಲಿಯ ಹೆಣ್ಮಕ್ಕಳು ಅಜ್ಜಿ ಮುತ್ತಜ್ಜಿ ಕಾಲದಿಂದ ಖಣದ ಚೋಳಿ ತೊಟ್ಟವರೇ. ಆದ್ರ ನೇಯೋರು ಯಾರು? ನಾ ಕೇಳಿದೆ. ಮಾಲಕರು ನಕ್ಕು, "ನಿಮ್ಮ ಕಡೆಯವ್ರೇ. ಗುಳೇದಗುಡ್ಡ" ಅಂದ್ರು. ಆಮ್ಯಾಲೆ ಎರಡು ಒಟ್ಟಲು ಮುಂದಿಟ್ರು. ದೊಡ್ಡದು ಪಾವರ್‌ಲೂಮಿನ ಪಾಲಿಸ್ಟರ್ ಖಣ, ನಮೂನಿ ಎಲ್ಲಾ ಥೇಟ ಹಂಗ. ಸಣ್ಣದು ಕೈಮಗ್ಗದ್ದು. "ಮೊದಲು ಗಂಟುಗಟ್ಟಲೆ ಬರತಿತ್ತು, ಈಗ ಇಷ್ಟೇ" ಅಂದ್ರು.

ಎರಡನ್ನೂ ಒಂದೊಂದು ಕೈಯಾಗ ಹಿಡದು ನೋಡಿದೆ. ಕೈಮಗ್ಗದ್ದು ಕೈಯಾಗ ಮೆತ್ತಗ ಕೂಡತದ, ಹಾಸಿನ ಎಳಿ ಒಂದು ಬಣ್ಣ, ಹೊಕ್ಕಿನ ಎಳಿ ಒಂದು ಬಣ್ಣ ಇದ್ದು, ಹೊರಳಿಸಿದಂಗ ನವಿಲಿನ ಕುತ್ತಿಗಿ ಹಂಗ ಮಿಂಚತದ. ಪಾಲಿಸ್ಟರು ಜಾರಿ ಹೋಗ್ತದ. ಸಂಶಯ ಬಂದ್ರ ಮನಿಗೆ ತಂದ ಮ್ಯಾಲೆ ಒಂದು ಎಳಿ ಸುಟ್ಟು ನೋಡ್ರಿ, ಅಂಗಡ್ಯಾಗ ಕಡ್ಡಿ ಗೀರಬ್ಯಾಡ್ರಿ ಮತ್ತ! ರೇಷ್ಮಿ ಆದ್ರ ಕೂದಲ ಸುಟ್ಟ ವಾಸನಿ, ಬೂದಿ ಪುಡಿಪುಡಿ. ಹತ್ತಿ ಆದ್ರ ಕಾಗದ ಸುಟ್ಟಂಗ. ಪಾಲಿಸ್ಟರು ಕರಗಿ ಗಟ್ಟಿ ಮಣಿ ಆಗ್ತದ. ದುಬಾರಿ ಸೀರಿ ಕೊಳ್ಳೋವಾಗ ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಅವ ಏನು ಅಂತ ಕೇಳೋದಕ್ಕ ನಾಚಿಕಿ ಬ್ಯಾಡ.

ಆ ಸಣ್ಣ ಒಟ್ಟಲು ನನ್ನ ಕಣ್ಣಾಗೇ ಉಳೀತು. ಪೋಚಂಪಲ್ಲಿಗೆ ಹೋದೆ, ಮಹೇಶ್ವರಕ್ಕ ಹೋದೆ. ಬದಾಮಿ ಬನಶಂಕರಿಗಂತೂ ನಮ್ಮ ಮನಿತನದವರು ವರ್ಷಾ ಹೋಗ್ತೀವಿ, ಜ್ವಾಳದ ರೊಟ್ಟಿ ಉಂಡು ಹೊಳ್ಳಿ ಬರ್ತೀವಿ. ಅಲ್ಲಿಂದ ಒಂದು ತಾಸಿನ ದಾರಿನೂ ಇಲ್ಲದ ಗುಳೇದಗುಡ್ಡಕ್ಕ ಎಷ್ಟು ಮಂದಿ ಹೋಗೇವಿ? ಈ ಸಲ ವೈನಿನ್ನ ಕರಕೊಂಡು ಹೋದೆ.

ಒಂದು ಮನ್ಯಾಗ ಅಜ್ಜಾರು ಕುಣಿ ಮಗ್ಗದಾಗ ಕಾಲು ಇಳಿಬಿಟ್ಟು ಕೂತಿದ್ರು. ಬಾಜೂಕ ಅಮ್ಮಾರು ಕಂಡಕಿ ಸುತ್ತತಿದ್ರು. ಲಾಳಿ ಆ ಕಡೆ ಈ ಕಡೆ ಓಡೋದು ನೋಡಿ ಕೂತಲ್ಲಿಂದ ಏಳೋ ಮನಸ್ಸಾಗಲಿಲ್ಲ. ಇನ್ನೊಂದು ಮಗ್ಗ ಗ್ವಾಡಿ ಕಡೆ ಇತ್ತು, ಅದರ ಮ್ಯಾಲೆ ಹಾಸಿಗಿ ಸುರುಳಿ ಇಟ್ಟಿದ್ರು. ಮಗಾ ಬೆಂಗಳೂರಿಗೆ ಹೋಗ್ಯಾನಂತ. "ಹೋಗಬ್ಯಾಡ ಅನ್ನಲಿಕ್ಕೆ ನಮ್ಮ ಕಡೆ ಏನದವಾ? ಇಬ್ಬರೂ ದಿನಾ ದುಡದ್ರೂ ಅಷ್ಟಕ್ಕಷ್ಟೇ" ಅಂದ್ರು ಅಮ್ಮಾರು. ಸಿಟ್ಟಿಲ್ಲ, ದೂರಿಲ್ಲ. ನಾವು ಹೊರಡೋ ಮುಂದ ನಮ್ಮಿಬ್ಬರ ಹಣಿಗೆ ಕುಂಕುಮ ಹಚ್ಚಿದ್ರು.

ಹೊಳ್ಳಿ ಬರೋ ಮುಂದ ಬಸ್ಸಿನ್ಯಾಗ ವೈನಿ ಅಂದ ಮಾತು ಇದು: "ಅಲ್ಲಾ, ಖಣ ಅಂದ್ರ ಉಡಿ ತುಂಬೋದಕ್ಕ ಅಲ್ಲೇನು? ಉಡಿ ತುಂಬೋದು ನಾವು ಬಿಟ್ಟೇವಾ?" ಖರೇ ಅದ. ಅಕ್ಕಿ, ಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ಯಾವುದೂ ಬಿಟ್ಟಿಲ್ಲ. ಖಣದ ಜಾಗಾದಾಗ ಮಾತ್ರ 40-50 ರೂಪಾಯಿದು ಒಂದು ಪಾಲಿಸ್ಟರ್ ಪೀಸು. ಅದನ್ನ ಕೊಟ್ಟಾಕಿನೂ ಹೊಲಿಸೂದಿಲ್ಲ, ತಗೊಂಡಾಕಿನೂ ಹೊಲಿಸೂದಿಲ್ಲ. ಒಂದು ಹಸರು ಪೀಸು ನಾಲ್ಕು ಮನಿ ತಿರುಗಿ ನಮ್ಮನಿಗೇ ಹೊಳ್ಳಿ ಬಂದಿತ್ತು, ಮೂಲ್ಯಾಗಿನ ಅರಿಷಿಣದ ಕಲಿ ನೋಡಿ ಗುರ್ತು ಹಿಡದೆ. ಯಾರ್ಯಾರ ಮನಿ ಅಂತ ಹೇಳೂದಿಲ್ಲ, ಓದೋರಾಗ ನಕ್ಕೋತ ಕೂತವರಿಗೆ ಗೊತ್ತಾಗಿರ್ತದ. ನಮ್ಮೆಲ್ಲರ ಟ್ರಂಕಿನ್ಯಾಗ ಇಂಥಾ ಪೀಸು ಎಷ್ಟು ಅವ ಎಣಿಸಿ ನೋಡ್ರಿ. ಅಷ್ಟೂ ರೊಕ್ಕ ಕೂಡಿಸಿದ್ರ ಎಷ್ಟು ಖರೇ ಖಣ ಬರತಿದ್ವು?

ನನ್ನ ಲೆಕ್ಕ ಸರಳ ಅದ. ಶ್ರಾವಣ ಬರ್ತದ, ಸಂಪತ್ತು ಶುಕ್ರವಾರ ಬರ್ತದ, ಯಾರದಾದ್ರೂ ಒಂದು ಕುಬಸದ ಕಾರ್ಯ ಇದ್ದೇ ಇರ್ತದ. ಇಪ್ಪತ್ತು ಮಂದಿಗೆ ಪೀಸು ಹಂಚೋ ಬದಲಿ ಎಲ್ಲರಿಗೂ ಎಲಿ, ಅಡಿಕಿ, ಒಂದು ಹಣ್ಣು ಕೊಡೋಣು. ಖಣ ಮಾತ್ರ ಉಡಿ ತುಂಬಸ್ಕೊಳ್ಳೋ ಮಗಳಿಗೆ, ಸೊಸಿಗೆ, ಕೈಮಗ್ಗದ್ದೇ ಒಂದು. ತೇರು, ಆನಿಹೆಜ್ಜಿ, ತುಳಸಿ ಪಾನ, ಯಾವ ನಮೂನಿ ಬೇಕು ಅಂತ ಮೊದಲೇ ಆಕಿನ್ನ ಕೇಳ್ರಿ. ಕೇಳಿ ಕೊಟ್ಟದ್ದನ್ನ ಆಕಿ ಹೊಲಿಸಿ ತೊಡ್ತಾಳ. ಪನ್ನಾ ಸಣ್ಣದು ಅಂತ ಟೇಲರ್ ಗೊಣಗತಾನ, ಗೊಣಗಲಿ. ತೋಳಿಗೆ ದಡಿ ಬರೋ ಹಂಗ ಕತ್ತರಿಸು ಅಂತ ನೀವೇ ಎದುರಿಗೆ ನಿಂತು ಹೇಳ್ರಿ.

ಗುಳೇದಗುಡ್ಡದಿಂದ ನಾ ತಂದ ಖಣದಾಗ ಇನ್ನೂ ಆರು ಉಳದಾವ, ಎರಡು ಹಸರು, ಮೂರು ಕೆಂಪು, ಒಂದು ನೀಲಿ. ಅಜ್ಜಾರು ಹೇಳಿದ ಬೆಲಿಗೇ ಕೊಡ್ತೀನಿ. ಕರಾರು ಒಂದೇ: ಟ್ರಂಕಿನ್ಯಾಗ ಇಡೋರಿಗೆ ಇಲ್ಲ, ಹೊಲಿಸ್ಕೊಳ್ಳೋರಿಗೆ ಮಾತ್ರ.