ಇಮ್ ವಾಲ್ಟ್: ಹಿಮದ ಕಾಡಿನಲ್ಲಿ ಎರಡು ಗಂಟೆ

ಜನವರಿ ತಿಂಗಳು, ಮಧ್ಯಾಹ್ನ 3:30. ಸ್ವಿಟ್ಜರ್ಲೆಂಡಿನ ಬರ್ನ್ ಕ್ಯಾಂಟನ್ನಿನ ಎಮ್ಮೆಂಟಾಲ್ ಸೀಮೆಯಲ್ಲಿ ಕೊನೆಯ ಹೊಲದ ಬೇಲಿ ದಾಟಿ ಕಾಡಿನ ಅಂಚಿಗೆ ಬಂದು ನಿಂತಿದ್ದೀರಿ. ಎದುರಿಗೆ ಸ್ಪ್ರೂಸ್ ಮತ್ತು ಫರ್ ಮರಗಳು ಒತ್ತಾಗಿ ಬೆಳೆದಿವೆ. ಇಲ್ಲಿನ ರೈತರು ಇಡೀ ಕಾಡನ್ನು ಒಮ್ಮೆಗೇ ಕಡಿಯುವುದಿಲ್ಲ, ಬಲಿತ ಮರವನ್ನಷ್ಟೇ ಆರಿಸಿ ತೆಗೆಯುತ್ತಾರೆ. ಹಾಗಾಗಿ ತಬ್ಬಿದರೆ ಕೈಗೆ ಕೈ ಸೇರದ ಮುದಿ ಫರ್ ಪಕ್ಕದಲ್ಲೇ ಮೊಣಕಾಲೆತ್ತರದ ಸಸಿಯೂ ಇದೆ. ಎರಡರ ಮೇಲೂ ನಿನ್ನೆ ರಾತ್ರಿಯ ಹಿಮ ಕೂತಿದೆ.

ಒಂದು ನಿಮಿಷ ಸುಮ್ಮನೆ ನಿಲ್ಲಿ. ಏನೂ ಕೇಳುವುದಿಲ್ಲ. ಹೊಸ ಹಿಮದ ಹರಳುಗಳ ನಡುವೆ ಗಾಳಿಯೇ ಹೆಚ್ಚು, ಅದು ಸದ್ದನ್ನು ಹೀರಿಬಿಡುತ್ತದೆ. ಕೆಳಗಿನ ರಸ್ತೆಯಲ್ಲಿ ಬಸ್ಸು ಹೋದರೂ ಇಲ್ಲಿಗೆ ಮುಟ್ಟುವುದಿಲ್ಲ. ಉಣ್ಣೆಯ ಟೋಪಿಯನ್ನು ಹೆಡ್‌ಫೋನಿನ ಮೇಲೆ ಎಳೆದುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ, ಫೋನನ್ನು ಒಳಜೇಬಿನಲ್ಲಿಡಿ. ‘ಇಮ್ ವಾಲ್ಟ್’ ಆಲ್ಬಮ್ ಶುರುವಾಗಲಿ. ಜರ್ಮನ್ ಭಾಷೆಯಲ್ಲಿ ‘ಕಾಡಿನಲ್ಲಿ’ ಎಂದರ್ಥ.

ಮೊದಲು ಗಾಳಿ. ಆಮೇಲೆ ಹಿಮ ತುಳಿಯುವ ಹೆಜ್ಜೆ ಸದ್ದು. ನೀವೂ ನಡೆಯುತ್ತೀರಿ, ಬೂಟಿನ ಕೆಳಗೆ ಹಿಮದ ಕಣಗಳ ಬೆಸುಗೆ ಕರಕರ ಒಡೆಯುತ್ತದೆ. ಕಿವಿಯೊಳಗಿನ ಹೆಜ್ಜೆ ಯಾವುದು, ಕಾಲಡಿಯ ಹೆಜ್ಜೆ ಯಾವುದು ಎಂದು ಹೇಳಲು ಸ್ವಲ್ಪ ಹೊತ್ತಿನಲ್ಲೇ ಕಷ್ಟವಾಗುತ್ತದೆ. ಆಗ ಗಿಟಾರ್ ಬಂದು ಬೀಳುತ್ತದೆ.

ಮೊದಲ ಸಲ ಕೇಳುವವರಿಗೆ ಇದು ಬರೀ ಗದ್ದಲ. ಟ್ಯೂನ್ ಆಗದ ರೇಡಿಯೊದಲ್ಲಿ ಯಾರೋ ವಾಲ್ಯೂಮ್ ಪೂರ್ತಿ ಏರಿಸಿದಂತಿದೆ. ಡ್ರಮ್ಸ್ ಎಲ್ಲೋ ಹಿಂದೆ ಒಂದೇ ಸಮನೆ ದಡದಡಿಸುತ್ತದೆ. ಮುಖಕ್ಕೆ ಹಿಮಗಾಳಿ ಬಡಿದಾಗ ಕಣ್ಣು ಮುಚ್ಚಿಕೊಳ್ಳುವಂತೆ ಕಿವಿಯೂ ಮುಚ್ಚಿಕೊಳ್ಳಲು ನೋಡುತ್ತದೆ. ಸೌಂಡ್ ಕಡಿಮೆ ಮಾಡಿಕೊಳ್ಳಿ, ಆದರೆ ನಿಲ್ಲಿಸಬೇಡಿ. ನಡೆಯುತ್ತಿರಿ.

ಗಿಟಾರಿನ ಈ ಗಾಳಿ ಹುಟ್ಟುವುದು ಒಬ್ಬನ ಮಣಿಕಟ್ಟಿನಲ್ಲಿ. ಪ್ಲೆಕ್ಟ್ರಮ್ ಎಂಬ ಉಗುರಿನಗಲದ ಪ್ಲಾಸ್ಟಿಕ್ ತುಂಡು ಒಂದೇ ತಂತಿಯ ಮೇಲೆ ಕೆಳಗೆ, ಮೇಲೆ, ಕೆಳಗೆ, ಮೇಲೆ ಓಡುತ್ತದೆ. ಇದಕ್ಕೆ ಟ್ರೆಮೊಲೊ ಪಿಕ್ಕಿಂಗ್ ಎನ್ನುತ್ತಾರೆ. ನಿಮಿಷಕ್ಕೆ 180 ತಾಳದ ವೇಗವಾದರೆ, ತಾಳಕ್ಕೆ ನಾಲ್ಕು ಪೆಟ್ಟಿನಂತೆ, ಒಂದು ಸೆಕೆಂಡಿಗೆ 12 ಮೀಟುಗಳು. ಅಷ್ಟು ಬೇಗ ಮೀಟಿದಾಗ ಒಂದೊಂದು ಮೀಟೂ ಬಿಡಿಯಾಗಿ ಕೇಳುವುದಿಲ್ಲ, ಸ್ವರ ಎಳೆ ಕಡಿಯದೆ ನಿಲ್ಲುತ್ತದೆ. ಅದನ್ನು ಡಿಸ್ಟಾರ್ಷನ್‌ಗೆ ಕೊಟ್ಟರೆ ಮೇಲಿನ ಉಪಸ್ವರಗಳೆಲ್ಲ ಉಬ್ಬಿ ಬರುತ್ತವೆ. ಅದೇ ಸಾಲನ್ನು ಇನ್ನೊಮ್ಮೆ ನುಡಿಸಿ ಮೇಲೆ ಕೂಡಿಸಿದರೆ ಎರಡು ಸಲದ ನುಡಿಕೆಯ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸದಿಂದ ಸದ್ದಿನ ಅಂಚು ಕರಗುತ್ತದೆ. ಹೀಗೆ ತಂತಿ ಗಾಳಿಯಾಗುತ್ತದೆ.

ಎರಡನೆಯ ಹಾಡು ‘ಊಬರ್ ಡೆನ್ ಬಾಯ್ಮೆನ್’ ಬರುವಷ್ಟರಲ್ಲಿ ನೀವು ಕಾಡಿನೊಳಗೆ ಬಂದಾಗಿದೆ. ಹಾಡಿನ ಹೆಸರೇ ಹೇಳುವಂತೆ ತಲೆಯೆತ್ತಿ ಮರಗಳ ಮೇಲೆ ನೋಡಿ. ಅಲ್ಲಿ ತುದಿಗಳು ನಿಧಾನವಾಗಿ ಓಲಾಡುತ್ತಿವೆ, ಇಲ್ಲಿ ಬುಡದಲ್ಲಿ ಎಲ್ಲ ಸ್ತಬ್ಧ. ಸಂಗೀತವೂ ಹೀಗೆಯೇ ಎರಡು ವೇಗದಲ್ಲಿ ನಡೆದಿದೆ. ಕೈ ಮತ್ತು ಡ್ರಮ್ಸ್ ಓಡುತ್ತಿವೆ, ಆದರೆ ಸ್ವರ ಬಹಳ ಹೊತ್ತಿಗೊಮ್ಮೆ ಮಾತ್ರ ಬದಲಾಗುತ್ತದೆ. ಆ ನಿಧಾನವನ್ನು ಹಿಡಿದವರಿಗೆ ಗದ್ದಲದ ಹಿಂದಿನ ರಾಗ ಸಿಗುತ್ತದೆ. ತಂಬೂರಿಯ ಪಕ್ಕ ಕೂತು ಕೇಳಿದವರಿಗೆ ಇದು ಗೊತ್ತು: ಷಡ್ಜ, ಪಂಚಮಗಳನ್ನಷ್ಟೇ ಮೀಟಿದರೂ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಲು ತೊಡಗುತ್ತದೆ. ಇಲ್ಲೂ ಹಾಗೆ, ಒಂದು ದುಃಖದ ಎಳೆ ಮೇಲೆದ್ದು ಬರುತ್ತದೆ. ಅದನ್ನು ನುಡಿಸಿದ್ದಾರೋ, ನಿಮ್ಮ ಕಿವಿಯೇ ಕಟ್ಟಿಕೊಂಡಿತೋ ತಿಳಿಯುವುದಿಲ್ಲ.

ಇದನ್ನೆಲ್ಲ ಮಾಡಿರುವುದು ಒಬ್ಬನೇ ಮನುಷ್ಯ. ಹೆಸರು ವಿಂಟ್‌ಹೆರ್, ಊರು ಇದೇ ಬರ್ನ್ ಸೀಮೆ. ಡಾರ್ಕ್‌ಸ್ಪೇಸ್ ಎಂಬ ಬ್ಯಾಂಡಿನಲ್ಲಿ ಇನ್ನಿಬ್ಬರೊಂದಿಗೆ ನುಡಿಸಿರುವ ಈತ 1997ರಲ್ಲಿ ‘ಪೇಯಿಸಾಜ್ ದಿವೇರ್’ ಹೆಸರಿನಲ್ಲಿ ಒಂಟಿಯಾಗಿ ಕೆಲಸ ಶುರುಮಾಡಿದ. ಫ್ರೆಂಚಿನಲ್ಲಿ ಅದು ಚಳಿಗಾಲದ ಭೂದೃಶ್ಯ. 1998ರಿಂದ ಒಂದರ ಹಿಂದೊಂದು ಧ್ವನಿಮುದ್ರಣಗಳು ಬಂದವು, ಅವುಗಳಲ್ಲಿ ಹೆಚ್ಚಿನವನ್ನು ಆತ ಡೆಮೊ ಎಂದೇ ಕರೆದ. ಮೊದಲ ಪೂರ್ಣ ಆಲ್ಬಮ್ ಎಂದು ಹೊರತಂದದ್ದು 2020ರ ಜೂನ್‌ನಲ್ಲಿ, ಇದೇ ‘ಇಮ್ ವಾಲ್ಟ್’. ಎಲ್ಲ ಮುದ್ರಣಗಳೂ ಒಂದೇ ಕಥೆಯ ತುಂಡುಗಳು: ಹಿಮದ ಲೋಕವೊಂದರಲ್ಲಿ ಒಬ್ಬ ಅಲೆಮಾರಿ ನಡೆಯುತ್ತಲೇ ಇದ್ದಾನೆ. ಇವತ್ತು ಅವನ ಹೆಜ್ಜೆಯ ಮೇಲೆ ನಿಮ್ಮ ಹೆಜ್ಜೆ ಬಿದ್ದಿದೆ.

‘ಶ್ನೇಗ್ಲಿಟ್ಸರ್ನ್’. ಗಿಟಾರ್ ನಿಂತಿತು. ಹಿಮದ ಮಿನುಗು ಎಂಬ ಈ ಚಿಕ್ಕ ತುಣುಕಿನಲ್ಲಿ ನೀವೂ ನಿಲ್ಲಿ. ಕೊಂಬೆಯೊಂದು ಭಾರ ತಾಳದೆ ಬಾಗಿ ಹಿಮವನ್ನು ಜಾರಿಸಿ ಮೇಲಕ್ಕೆ ಚಿಮ್ಮುತ್ತದೆ. ಹುಡಿ ಗಾಳಿಯಲ್ಲಿ ತೇಲಿ, ಓರೆ ಬಿಸಿಲಿಗೆ ಒಂದು ಕ್ಷಣ ಹೊಳೆದು, ನಿಮ್ಮ ತೋಳಿನ ಮೇಲೆ ಕೂರುತ್ತದೆ.

ಈ ಒರಟು ಧ್ವನಿಗೆ ಒಂದು ವಂಶವಿದೆ, ಅದರ ಹೆಸರು ಬ್ಲ್ಯಾಕ್ ಮೆಟಲ್. ನಾರ್ವೆಯ ಡಾರ್ಕ್‌ಥ್ರೋನ್ ಬ್ಯಾಂಡಿನ ಫೆನ್ರಿಝ್ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್‌ಗಾಗಿ ವಾದ್ಯಗಳನ್ನೆಲ್ಲ ತಾನೊಬ್ಬನೇ ನುಡಿಸಿ, ಮನೆಯ ನಾಲ್ಕು ಟ್ರ್ಯಾಕಿನ ರೆಕಾರ್ಡರಿನಲ್ಲಿ ಮುದ್ರಿಸಿದ. ಹೊಳಪಿಲ್ಲದ ಆ ಧ್ವನಿಯೇ ಒಂದು ಪಂಥವಾಯಿತು. ಅದೇ ಕಾಲದ ನಾರ್ವೆಯಲ್ಲಿ ಈ ಸಂಗೀತದ ಸುತ್ತ ಚರ್ಚುಗಳಿಗೆ ಬೆಂಕಿ ಬಿತ್ತು, ಕೊಲೆಗಳಾದವು. ಆ ಕಳಂಕ ಒರೆಸಿದರೆ ಹೋಗುವಂಥದ್ದಲ್ಲ. ಆದರೆ ‘ಇಮ್ ವಾಲ್ಟ್’ನ ಕಾಡಿಗೆ ಬಂದಿರುವುದು ಆ ಧ್ವನಿಯಷ್ಟೇ, ಬೆಂಕಿಯಲ್ಲ. ದುಬಾರಿ ಸ್ಟುಡಿಯೊದಲ್ಲಿ ಪ್ರತಿ ವಾದ್ಯವನ್ನೂ ತೊಳೆದು ಬೇರೆಬೇರೆಯಾಗಿ ಇಟ್ಟಿದ್ದರೆ ನಿಮಗೆ ಗಿಟಾರ್ ಕೇಳುತ್ತಿತ್ತು, ಡ್ರಮ್ಸ್ ಕೇಳುತ್ತಿತ್ತು, ಕಾಡು ಮಾತ್ರ ಕೇಳುತ್ತಿರಲಿಲ್ಲ.

‘ಆಲ್ಟ್’, ‘ವುರ್ಟ್ಸೆಲ್’: ಹಳತು, ಬೇರು. ಇಳಿಜಾರಿನಲ್ಲಿ ಕಾಲು ಜಾರಿ ಮುದಿ ಫರ್ ಮರದ ಬೇರಿಗೆ ಕೈಯೂರುತ್ತೀರಿ. ಕೈಗವಸಿಗೆ ಅಂಟು ಮೆತ್ತಿಕೊಳ್ಳುತ್ತದೆ, ಅದರ ವಾಸನೆ ಮೂಗಿಗೇರುತ್ತದೆ. ‘ಷ್ಟಿಮ್ಮೆನ್ ಇಮ್ ವಾಲ್ಟ್’ನಲ್ಲಿ ದನಿಗಳು. ಗಾಯಕ ಹಾಡುತ್ತಿಲ್ಲ, ದೂರದಿಂದ ಕೂಗುತ್ತಿದ್ದಾನೆ. ಮಾತು ಜರ್ಮನ್ನಿನದಾದರೂ ಜರ್ಮನ್ ಬಲ್ಲವರಿಗೂ ಪದಗಳು ದಕ್ಕುವುದು ಕಷ್ಟ. ಆದರೆ ಹಿಮಗಾಳಿಯಲ್ಲಿ ಒಬ್ಬ ಕೂಗಿದರೆ ಹೀಗೇ ಅಲ್ಲವೇ ಕೇಳುವುದು? ಅರ್ಥ ತಲುಪುವುದಿಲ್ಲ, ಒಬ್ಬ ಮನುಷ್ಯ ಇದ್ದಾನೆ ಎಂಬುದು ತಲುಪುತ್ತದೆ. ನೀವು ತಿರುಗಿ ನೋಡುತ್ತೀರಿ. ಹಿಂದೆ ನಿಮ್ಮ ಹೆಜ್ಜೆಗುರುತುಗಳಷ್ಟೇ.

ಐದು ಗಂಟೆ. ಹಿಮ ಮೊದಲು ನೀಲಿಯಾಗುತ್ತದೆ, ಆಮೇಲೆ ಬೂದಿ. ‘ಆಯ್ಲೆನ್‌ಗೆಸಾಂಗ್’, ಗೂಬೆಯ ಹಾಡು. ‘ಕೆಲ್ಟೆಶಾವರ್’, ಚಳಿಯ ನಡುಕ. ಈಗ ನಡುಕ ಹಾಡಿನಲ್ಲಿ ಮಾತ್ರ ಇಲ್ಲ. ಮೈ ಶಾಖ ಹುಟ್ಟಿಸಲು ಸ್ನಾಯುಗಳು ನಿಮ್ಮನ್ನು ಕೇಳದೆ ಅದುರತೊಡಗಿವೆ, ಗಿಟಾರಿನ ಅದುರುವಿಕೆ ಮತ್ತು ಹಲ್ಲಿನ ಕಟಕಟ ಒಂದಾಗಿವೆ. ಟಾರ್ಚ್ ಹಚ್ಚಬೇಡಿ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು. ಒಗ್ಗಿದ ಮೇಲೆ ಹಿಮದ ಮಂದ ಬೆಳಕಿನಲ್ಲೇ ದಾರಿ ಕಾಣುತ್ತದೆ. ಕಿವಿಯೂ ಅಷ್ಟರಲ್ಲಿ ಒಗ್ಗಿದೆ: ಶುರುವಿನಲ್ಲಿ ಒಂದೇ ಗೋಡೆಯಾಗಿದ್ದ ಸದ್ದಿನಲ್ಲಿ ಈಗ ಗಿಟಾರಿನ ಪದರಗಳು, ಕೀಬೋರ್ಡಿನ ನೆರಳು, ದೂರದ ಕೂಗು, ಎಲ್ಲ ಬಿಡಿಬಿಡಿಯಾಗಿ ಕೇಳುತ್ತಿವೆ. ಆಲ್ಬಮ್ ಬದಲಾಗಿಲ್ಲ. ಬದಲಾದವರು ನೀವು.

‘ಫೆರ್‌ವೈಲೆನ್’ನಲ್ಲಿ ಒಂದಿಷ್ಟು ತಂಗಿ. ಆಮೇಲೆ ‘ವೈಟರ್, ಇಮ್ಮರ್ ವೈಟರ್’, ಮುಂದಕ್ಕೆ, ಇನ್ನೂ ಮುಂದಕ್ಕೆ. ಕಾಲು ಸೋತಿದೆ, ಆದರೆ ನಿಂತರೆ ಚಳಿ ಹಿಡಿಯುತ್ತದೆ. 13ನೆಯ ಮತ್ತು ಕೊನೆಯ ಹಾಡು ‘ಝೋ ಹಾಲ್ಟ್ ಎಸ್ ವೀಡರ್’ ಮುಗಿಯುವ ಹೊತ್ತಿಗೆ ಮರಗಳು ತೆಳುವಾಗಿ, ಕಣಿವೆಯ ದೀಪಗಳು ಕಾಣಿಸುತ್ತವೆ. ಅಲೆಮಾರಿಯ ದಾರಿ ಇಲ್ಲಿಗೆ ಮುಗಿದಿಲ್ಲ. ಮುಂದಿನ ಆಲ್ಬಮ್ ‘ಗೈಸ್ಟರ್’ 2021ರಲ್ಲಿ ಬಂತು, ‘ಡೀ ಬೆರ್ಗೆ’ 2024ರಲ್ಲಿ.

ಒಬ್ಬನೇ ಕೂತು ಇಷ್ಟು ದೊಡ್ಡ ಜಾಗವೊಂದನ್ನು ಕೇವಲ ಸದ್ದಿನಿಂದ ಕಟ್ಟಬಹುದು ಎಂಬುದಕ್ಕೆ ‘ಇಮ್ ವಾಲ್ಟ್’ಗಿಂತ ಒಳ್ಳೆಯ ಸಾಕ್ಷಿಯನ್ನು ಬ್ಲ್ಯಾಕ್ ಮೆಟಲ್ ನನಗೆ ತೋರಿಸಿಲ್ಲ. ಎಮ್ಮೆಂಟಾಲಿಗೆ ಹೋಗಲಾಗದಿದ್ದರೂ ಚಿಂತೆಯಿಲ್ಲ. ರಾತ್ರಿ ದೀಪ ಆರಿಸಿ, ಸೌಂಡ್ ತಗ್ಗಿಸಿ, ಫೋನು ಬದಿಗಿಟ್ಟು ಕೂರಿ. ನಡುವಿನ ಒಂದು ಹಾಡನ್ನು ಹೆಕ್ಕಿ ಕೇಳಿ ತೀರ್ಪು ಕೊಡಬೇಡಿ, ಮೊದಲ ಹೆಜ್ಜೆ ಸದ್ದಿನಿಂದಲೇ ಶುರುಮಾಡಿ. ಈ ಆಲ್ಬಮ್ ನಿಮ್ಮಿಂದ ಕೇಳುವುದು ಎರಡು ಗಂಟೆ. ದಯವಿಟ್ಟು ಪೂರ್ತಿ ಕೊಡಿ.