ಮ.ಸಾ.ಅ. ಪಾಠಕ್ಕೆ ಒಂದು ತೊಗಲಿನ ಚೀಲ

ಅಭ್ಯಾಸ ಬೋಧನೆಯ ಎರಡನೆಯ ವಾರ ಎಂಟನೇ ತರಗತಿಗೆ ಮಹತ್ತಮ ಸಾಮಾನ್ಯ ಅಪವರ್ತನವನ್ನು ಮತ್ತೆ ನೆನಪಿಸಬೇಕಿತ್ತು. 4 ಮತ್ತು 6ರ ಮ.ಸಾ.ಅ. ಎಷ್ಟು ಎಂದರೆ ಮಕ್ಕಳು ‘2’ ಎನ್ನುತ್ತಿದ್ದರು. ಅದರಿಂದ ಏನು ಗೊತ್ತಾಗುತ್ತದೆ ಎಂದರೆ ಸುಮ್ಮನಾಗುತ್ತಿದ್ದರು. ಮೊದಲ ಪಾಠ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ನನ್ನ ಅವಲೋಕನ ಪುಸ್ತಕದಲ್ಲಿ ‘ಕಲಿಕೋಪಕರಣ ಬಳಸಿಲ್ಲ’ ಎಂದು ಬರೆದರು.

ಉಪಕರಣ ನಮ್ಮ ಮನೆಯಲ್ಲೇ ಇತ್ತು. ನನ್ನೂರು ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು. ನಮ್ಮ ತಾತ ಚಪ್ಪಲಿ ಹೊಲಿದು ಸಂಸಾರ ನಡೆಸಿದವರು. ಈಗ ಅವರಿಗೆ ಕಣ್ಣು ಸಾಲದು. ಅವರ ಉಳಿ, ರಂಪಿಗೆಗಳನ್ನು ರಜೆಯಲ್ಲಿ ನಾನು ಬಳಸುತ್ತೇನೆ. ಎರಡು ವರ್ಷದಿಂದ ಪರ್ಸು, ಪೆನ್ಸಿಲ್ ಚೀಲ ಮಾಡಿ ಅವುಗಳ ಮೇಲೆ ಕೆಲ್ಟಿಕ್ ಗಂಟಿನ ವಿನ್ಯಾಸ ಕೆತ್ತುವುದು ನನ್ನ ಹವ್ಯಾಸ. ಈ ಹೆಣಿಗೆ ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯದು. ಸುಮಾರು ಕ್ರಿ.ಶ. 800ರ ‘ಬುಕ್ ಆಫ್ ಕೆಲ್ಸ್’ ಎಂಬ ಹಸ್ತಪ್ರತಿಯ ಪುಟಗಳಲ್ಲಿ ಅದು ತುಂಬಿಕೊಂಡಿದೆ. ಅದನ್ನು ಹಂತ ಹಂತವಾಗಿ ಬಿಡಿಸುವ ಕ್ರಮವನ್ನು 1951ರ ಪುಸ್ತಕದಲ್ಲಿ ವಿವರಿಸಿದ ಜಾರ್ಜ್ ಬೇನ್ ಸ್ಕಾಟ್‌ಲೆಂಡಿನ ಒಬ್ಬ ಶಾಲಾ ಚಿತ್ರಕಲಾ ಶಿಕ್ಷಕ.

ಕೆಲಸದ ಕ್ರಮ ಹೀಗೆ. ಮೊದಲು ಕಾಗದದ ಮೇಲೆ ಚುಕ್ಕಿ ಇಟ್ಟು, ಚುಕ್ಕಿಗಳ ನಡುವೆ ಓರೆಯಾಗಿ ಎಳೆ ಎಳೆಯಬೇಕು. ಅಂಚು ಸಿಕ್ಕಾಗ ಎಳೆ ಕೇರಂ ಸ್ಟ್ರೈಕರಿನಂತೆ ತಿರುಗಿ ಬರುತ್ತದೆ. ಆಮೇಲೆ ತೊಗಲನ್ನು ಒದ್ದೆ ಮಾಡಿ, ಕಾಗದ ಇಟ್ಟು, ಮೊಂಡು ಮೊನೆಯಿಂದ ಒತ್ತಿದರೆ ಗೆರೆ ಮೂಡುತ್ತದೆ. ಆ ಗೆರೆಯನ್ನು ತೊಗಲಿನ ಅರ್ಧ ದಪ್ಪದವರೆಗೆ ಮಾತ್ರ ಕುಯ್ಯಬೇಕು. ಎರಡು ಎಳೆ ದಾಟುವ ಕಡೆ ಕೆಳಗೆ ಹೋಗುವ ಎಳೆಯನ್ನು ಒತ್ತಿ ತಗ್ಗಿಸಿದರೆ ಇನ್ನೊಂದು ಉಬ್ಬಿ ನಿಲ್ಲುತ್ತದೆ. ಒಂದೇ ಎಳೆ ಹಿಡಿದು ಹೊರಟರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರಬೇಕು, ಎಲ್ಲೂ ತಪ್ಪಬಾರದು. ಶುರುವಿನಲ್ಲಿ ಕ್ರೋಮ್ ಹದದ ಚರ್ಮ ತಂದು ನಾನು ಮೋಸಹೋಗಿದ್ದೆ. ಅದು ಒತ್ತಿದ ಗುರುತನ್ನು ಉಳಿಸಿಕೊಳ್ಳುವುದಿಲ್ಲ. ತಂಗಡಿಯಂಥ ಗಿಡದ ತೊಗಟೆಯಲ್ಲಿ ಹದ ಮಾಡಿದ ತೊಗಲೇ ಆಗಬೇಕು. ‘ಒದ್ದೆಯಾಗಿದ್ದಾಗ ತೊಗ್ಲು ಹೇಳ್ದಂಗೆ ಕೇಳ್ತದ ಕನಾ ಮೊಗ’ ಎಂದು ತಾತ ಆಗಲೇ ಹೇಳಿದ್ದರು. ಯಾವ ತೊಗಲು ಎಂದು ನಾನು ಕೇಳಿರಲಿಲ್ಲ.

ಇದರಲ್ಲಿ ಮ.ಸಾ.ಅ. ಎಲ್ಲಿದೆ? ಆಯತಾಕಾರದಲ್ಲಿ 3 ಸಾಲು, ಸಾಲಿಗೆ 4 ಚುಕ್ಕಿ ಇಟ್ಟರೆ ಇಡೀ ವಿನ್ಯಾಸ ಒಂದೇ ಎಳೆಯಲ್ಲಿ ಮುಗಿಯುತ್ತದೆ. 4 ಸಾಲು, 6 ಚುಕ್ಕಿ ಇಟ್ಟರೆ ಎರಡು ಎಳೆ ಬೇಕು. 3 ಮತ್ತು 6ಕ್ಕೆ ಮೂರು. ಎಳೆಗಳ ಸಂಖ್ಯೆ ಎಂದರೆ ಸಾಲು ಮತ್ತು ಚುಕ್ಕಿಗಳ ಮ.ಸಾ.ಅ.!

ಮರುದಿನ 4 ಮತ್ತು 6ರ ಒಂದು ಪರ್ಸು, 3 ಮತ್ತು 8ರ ಒಂದು ಪೆನ್ಸಿಲ್ ಚೀಲ ಒಯ್ದೆ. ಐರ್ಲೆಂಡಿನ ಹಸ್ತಪ್ರತಿಯ ಕಥೆಯಿಂದ ಪಾಠ ಶುರುಮಾಡಿದೆ. ಮಕ್ಕಳು ಬೆರಳಿನಿಂದ ಎಳೆ ಹಿಡಿದು ಎಣಿಸಿದರು. ‘ಸಾ, ಇದು ನಮ್ಮವ್ವ ಬುಡೋ ಚುಕ್ಕಿ ರಂಗೋಲಿ ಥರಾನೇ ಅದ’ ಎಂದಳು ಒಬ್ಬಳು. ಹೌದು ಎಂದು ಹೇಳಿ ನಾನು ಐರ್ಲೆಂಡಿಗೇ ವಾಪಸಾದೆ. ‘ಎಲ್ಲಿ ತಕಂಡ್ರಿ ಸಾ?’ ಎಂದು ಇನ್ನೊಬ್ಬ ಕೇಳಿದ. ‘ಮೈಸೂರಿನಲ್ಲಿ’ ಎಂದೆ. ಬಾಯಿಗೆ ಅದೇ ಮೊದಲು ಬಂತು.

ಕೊನೆಯ ಬೆಂಚಿನ ಹುಡುಗನೊಬ್ಬ ಪೆನ್ಸಿಲ್ ಚೀಲವನ್ನು ಬಹಳ ಹೊತ್ತು ಹಿಡಿದಿದ್ದ. ಅದುವರೆಗೆ ಅವನು ನನ್ನ ಯಾವ ಪ್ರಶ್ನೆಗೂ ಕೈ ಎತ್ತಿದವನಲ್ಲ. ‘ಇಲ್ಲಿ ಎರಡು ಸಲ ಮೇಲೇ ಹೋಗದ ಸಾ’ ಎಂದ. ನೋಡಿದರೆ ನಿಜ. ಒಂದು ಕಡೆ ತಪ್ಪಿದ್ದೆ. ತೊಗಲಿನ ಮೇಲೆ ಕುಯ್ದದ್ದನ್ನು ಅಳಿಸಲಾಗುವುದಿಲ್ಲ. ಆಮೇಲೆ ಚೀಲದ ಒಳಬದಿಯನ್ನು ಉಗುರಿನಿಂದ ಸವರಿ, ‘ಮಿಷನ್ ಹೊಲ್ಗೆ ಅಲ್ಲ ಇದು. ಎರಡು ಸೂಜಿ ಹಾಕಿ ಕೈಲಿ ಹೊಲ್ದಿರದು’ ಎಂದ.

‘ನಿನಗೆ ಹೇಗೆ ಗೊತ್ತು?’ ಎಂದು ಎಲ್ಲರ ಎದುರು ಕೇಳಿಬಿಟ್ಟೆ. ಮೆಚ್ಚುಗೆಯಿಂದಲೇ ಕೇಳಿದ್ದು. ತರಗತಿಯೆಲ್ಲ ಅವನ ಕಡೆ ತಿರುಗಿತು. ಅವನು ತಲೆ ತಗ್ಗಿಸಿ ಚೀಲವನ್ನು ಪಕ್ಕದವನಿಗೆ ಕೊಟ್ಟು, ‘ಸುಮ್ನೆ ಅಂದೆ ಸಾ’ ಎಂದ.

ಅವನಿಗೆ ಹೇಗೆ ಗೊತ್ತು ಎಂಬುದು ನನಗೆ ಗೊತ್ತಿತ್ತು. ಅವನ ವಯಸ್ಸಿನಲ್ಲಿ ನಾನೂ ಹಾಗೆಯೇ ‘ಸುಮ್ನೆ ಅಂದೆ’ ಎಂದವನು. ಮಾದಪ್ಪನ ಕಥೆಯಲ್ಲಿ ಶ್ರವಣನಿಗೆ ಎಕ್ಕಡ ಹೊಲಿದ ಹರಳಯ್ಯನ ಪ್ರಸಂಗವನ್ನು ಕಂಸಾಳೆಯವರ ಬಾಯಲ್ಲಿ ಕೇಳುವಾಗ ಊರೆಲ್ಲ ಕೈಮುಗಿಯುತ್ತಿತ್ತು. ಶಾಲೆಯಲ್ಲಿ ಮಾತ್ರ ತಾತನ ಕೆಲಸ ಕೇಳಿದರೆ ‘ವ್ಯವಸಾಯ’ ಎನ್ನುತ್ತಿದ್ದೆ. ಈಗ ಮೇಷ್ಟರ ಜಾಗದಲ್ಲಿ ನಿಂತು ನಾನು ಬಚ್ಚಿಟ್ಟುಕೊಂಡೆ, ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿದೆ.

ಮಾರನೆಯ ದಿನ ತಾತನ ಉಳಿ, ರಂಪಿಗೆ ಒಯ್ದು ಮೇಜಿನ ಮೇಲಿಟ್ಟೆ. ‘ನಿನ್ನೆ ಸುಳ್ಳು ಹೇಳಿದೆ. ಈ ಚೀಲ ಮೈಸೂರಿನಲ್ಲಿ ಕೊಂಡದ್ದಲ್ಲ, ನಾನೇ ಹೊಲಿದದ್ದು. ಕಲಿಸಿದವರು ನಮ್ಮ ತಾತ, ಚಪ್ಪಲಿ ಹೊಲಿಯುತ್ತಿದ್ದವರು’ ಎಂದೆ. ಆ ಹುಡುಗನ ಕಡೆ ಬೇಕೆಂದೇ ನೋಡಲಿಲ್ಲ. ಎರಡು ಸೂಜಿಯ ಹೊಲಿಗೆಯನ್ನು ಮಾಡಿ ತೋರಿಸಿದೆ. ಹಲವರು ಮುಂದೆ ಬಂದು ಉಳಿ ಹಿಡಿದು ನೋಡಿದರು. ನಿನ್ನೆ ಚೀಲ ಮುಟ್ಟಿದ್ದ ಇಬ್ಬರು ಇಂದು ಕೈ ಹಿಂದೆ ಕಟ್ಟಿಕೊಂಡು ನಿಂತರು. ಅದನ್ನೂ ಇಲ್ಲಿ ಬರೆಯಬೇಕು. ಹುಡುಗ ಆ ದಿನ ಮಾತಾಡಲಿಲ್ಲ. ವಾರದ ಮೇಲೆ ಸೈಕಲ್ ನಿಲ್ಲಿಸುವ ಕಡೆ ಒಬ್ಬನೇ ಬಂದು, ‘ತಂಗಡಿ ತೊಗ್ಲು ಈಗ ಎಲ್ಲಿ ಸಿಕ್ತದ ಸಾ?’ ಎಂದು ಕೇಳಿದ. ತರಗತಿಯೊಳಗೆ ಕೇಳಲಿಲ್ಲ.

ತಿಳಿದುದರಿಂದ ತಿಳಿಯದುದರೆಡೆಗೆ ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ನಾನು ತಪ್ಪಿಲ್ಲದೆ ಬರೆದಿದ್ದೇನೆ. ತರಗತಿಯಲ್ಲಿ ಐರ್ಲೆಂಡಿನಿಂದ ಶುರುಮಾಡಿದೆ. ತಿಳಿದದ್ದರ ಬಗ್ಗೆ ನನಗೆ ನಾಚಿಕೆ ಇತ್ತು. ಗೆಳೆಯರು ಈ ಪಾಠ ಮಾಡುವುದಾದರೆ ಚೌಕುಳಿ ಹಾಳೆಯಲ್ಲಿ ಚುಕ್ಕಿ ರಂಗೋಲಿಯಿಂದ ಆರಂಭಿಸಿ. 3 ಮತ್ತು 4, 3 ಮತ್ತು 6, 4 ಮತ್ತು 6 ಬಿಡಿಸಲು ಒಂದು ಅವಧಿ ಸಾಕು. ಯಾವ ಮಗುವಿಗಾದರೂ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳುವ ಮೊದಲು, ನಿಮಗೆ ಹೇಗೆ ಗೊತ್ತು ಎಂಬುದನ್ನು ಹೇಳಿಬಿಡಿ. ನನ್ನ ಪಾಠ ಯೋಜನೆಯ ‘ಪೂರ್ವಜ್ಞಾನ’ದ ಅಂಕಣದಲ್ಲಿ ಮೊದಲು ‘ಅಪವರ್ತನಗಳು’ ಎಂದಷ್ಟೇ ಇತ್ತು. ತಿದ್ದಿದ ಯೋಜನೆಯಲ್ಲಿ ಅದರ ಕೆಳಗೆ ‘ರಂಗೋಲಿ, ಹೊಲಿಗೆ’ ಎಂದು ಸೇರಿಸಿದ್ದೇನೆ.